ಎಲುಬಿಗೆ ತಾಗದ ಸೂಜಿ

"ಜಜ್ಜಿರೋದು ಬೆರಳು ತಾನೆ, ಗಂಟಲಲ್ಲವಲ್ಲ. ಮುಚ್ಚೇ ಬಾಯಿ. ಬೆಳಿಗ್ಗೆಯಿಂದ ವಟವಟ ವಟವಟ. ಕೈ ಒಂದು ಕಡೆ, ನಾಲಿಗೆ ಇನ್ನೊಂದು ಕಡೆ ಇಟ್ಕೊಂಡು ಪ್ರೆಸ್ಸಿಗೆ ನಿಂತ್ರೆ ಇನ್ನೇನಾಗುತ್ತೆ, ಮುಂಡೇದೇ."

ಮೇಸ್ತ್ರಿ ಹೀಗೆ ಅರಚುತ್ತಿದ್ದಾಗ ಅವಳ ಬಾಯಿ ಮುಚ್ಚಿಯೇ ಇತ್ತು. ಎಡಗೈಯ ಮಣಿಕಟ್ಟನ್ನು ಬಲಗೈಯಲ್ಲಿ ಬಿಗಿಹಿಡಿದು ಮೂರನೇ ಪ್ರೆಸ್ಸಿನ ಬುಡದಲ್ಲಿ ಕುಕ್ಕರಿಸಿದ್ದಳು. ಮೊಣಕೈವರೆಗೆ ಇಳಿದ ರಕ್ತ ಅಲ್ಲೊಂದು ಕ್ಷಣ ತಡೆದು ನಿಂತು, ಆಮೇಲೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆ ನೆಲದಲ್ಲಿ ಮಷೀನಿನ ಎಣ್ಣೆ ಒಂದು ಪದರ ಸದಾ ಇರುತ್ತದೆ. ಎಣ್ಣೆಯ ಮೇಲೆ ಬಿದ್ದ ರಕ್ತ ಹರಡುವುದಿಲ್ಲ, ಗುಂಡುಗುಂಡಾಗಿ ನಿಲ್ಲುತ್ತದೆ.

"ರೇಡಿಯೋ ನಿಂತೋಯ್ತಲ್ರೇ," ಎಂದಳು ನಾಲ್ಕನೇ ಪ್ರೆಸ್ಸಿನವಳು, ಯಾರಿಗೂ ಹೇಳದವಳ ಹಾಗೆ.

ಮೂರನೇ ಪ್ರೆಸ್ಸಿನವಳಿಗೆ ಆ ಶೆಡ್ಡಿನಲ್ಲಿ ರೇಡಿಯೋ ಎಂದೇ ಹೆಸರು. ಹನ್ನೆರಡು ಪ್ರೆಸ್ಸುಗಳ ಸದ್ದಿನ ಮೇಲೂ ಕೇಳುವಂಥ ಗಂಟಲು. ಯಾರ ಮನೆಯ ಸುದ್ದಿಯಾದರೂ ಮೊದಲು ಮೂರನೇ ಪ್ರೆಸ್ಸಿಗೆ ಬಂದು ಆಮೇಲೆ ಆ ಮನೆಯವರಿಗೆ ತಲುಪುತ್ತಿತ್ತು. ಈಗ ಅವಳು ಸುಮ್ಮನಿದ್ದದ್ದನ್ನು ಉಳಿದ ಹತ್ತು ಹೆಂಗಸರೂ ಗಮನಿಸಿದರು. ಯಾರೂ ನಗಲಿಲ್ಲ. ಯಾರೂ ತಮ್ಮ ಪ್ರೆಸ್ಸು ಬಿಟ್ಟು ಬರಲೂ ಇಲ್ಲ. ತಗಡಿನ ಪಟ್ಟಿ ಅಚ್ಚಿನ ಮೇಲೆ, ಗುಂಡಿ, ಧೊಪ್ಪ್, ಬಾಗಿಲ ಚಿಲಕಕ್ಕೊಂದು ತಟ್ಟೆ. ಮತ್ತೆ ಪಟ್ಟಿ, ಗುಂಡಿ, ಧೊಪ್ಪ್.

"ಎಲ್ಲಿ ಸತ್ತಳು ಸೂಜಿ? ಕರೀರೇ ಅವಳನ್ನ," ಎಂದ ಮೇಸ್ತ್ರಿ.

ಸೂಜಿಯಕ್ಕ ಆಗಲೇ ಪ್ಯಾಕಿಂಗ್ ಮೇಜಿನಿಂದ ಎದ್ದು ಬರುತ್ತಿದ್ದಳು. ಒಂದು ಕೈಯಲ್ಲಿ ಚಹಾ ಕಾಸುವ ಸ್ಟೌ, ಏಪ್ರನ್ನಿನ ಜೇಬಿನಲ್ಲಿ ಡಬ್ಬಿ. ಡಬ್ಬಿಯೊಳಗೆ ಒಂದು ದಪ್ಪ ಗುಂಡುಸೂಜಿ, ಹತ್ತಿ, ಹರಿದ ಬಟ್ಟೆಯ ಪಟ್ಟಿಗಳು, ಬೆರಳಿನ ಅಳತೆಗೆ ತಾನೇ ಬಗ್ಗಿಸಿಕೊಂಡ ತಗಡಿನ ತುಂಡುಗಳು. ಅವಳ ಎಡಗೈಯ ಎರಡು ಬೆರಳಿಗೆ ತುದಿಯಿಲ್ಲ. ಉಳಿದ ಉಗುರು ಗಿಣಿಯ ಕೊಕ್ಕಿನ ಹಾಗೆ ಒಳಕ್ಕೆ ಬಾಗಿ ಬೆಳೆದಿದೆ. ಒಂಬತ್ತು ವರ್ಷದ ಹಿಂದೆ ಐದನೇ ಪ್ರೆಸ್ಸಿನಲ್ಲಿ ಆದದ್ದು. ಆಗ ಇದ್ದ ಮುದಿ ಕಂಪೌಂಡರ್ ಅವಳಿಗೆ ಕಟ್ಟು ಕಟ್ಟುತ್ತ ಕಟ್ಟುತ್ತ ವಿದ್ಯೆಯನ್ನೂ ಕಲಿಸಿಬಿಟ್ಟ. ಅವನು ಸತ್ತ ಮೇಲೆ ಮೇಸ್ತ್ರಿ ಅವಳನ್ನು ಪ್ರೆಸ್ಸಿನಿಂದ ಬಿಡಿಸಿ ಪ್ಯಾಕಿಂಗಿಗೆ ಹಾಕಿದ. ಕೂತು ಮಾಡುವ ಕೆಲಸ, ಪಕ್ಕದಲ್ಲಿ ಕಿಟಕಿ. ಶೆಡ್ಡಿನಲ್ಲಿ ಸ್ಟೂಲು ಇದ್ದ ಹೆಂಗಸು ಅವಳೊಬ್ಬಳೇ. "ಸೂಜಿ ಇರೋವರೆಗೆ ನಿಂಗೆ ಸ್ಟೂಲು," ಎಂದು ಮೇಸ್ತ್ರಿ ಆಗಾಗ ತಮಾಷೆ ಮಾಡುತ್ತಿದ್ದ. ಅವಳೂ ನಗುತ್ತಿದ್ದಳು.

ರೇಡಿಯೋ ಅವಳ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ಲಾರಿ ಹತ್ತಿ ಹೋದರೆ ತಿಂಗಳಿಗೊಮ್ಮೆ ಮುಖ ತೋರಿಸುವವರು. ಒಂದೇ ಕೋಣೆಯಲ್ಲಿ ಇವರಿಬ್ಬರು, ನಡುವೆ ಒಂದು ಒಲೆ, ದಿನಕ್ಕೆ ಎರಡು ಜಗಳ. ಈ ಕೆಲಸಕ್ಕೆ ಅವಳನ್ನು ಸೇರಿಸಿದವಳೂ ಸೂಜಿಯಕ್ಕನೇ.

"ತೋರಿಸು."

ರೇಡಿಯೋ ಕೈ ಚಾಚಿದಳು. ಸೂಜಿಯಕ್ಕ ಮುಖ ನೋಡಲಿಲ್ಲ, ಬೆರಳನ್ನಷ್ಟೇ ನೋಡಿದಳು. ಬೆರಳು ನೋಡುವಾಗ ಮುಖ ನೋಡಬಾರದು, ಕೈ ನಡುಗುತ್ತದೆ ಎಂದು ಕಂಪೌಂಡರ್ ಹೇಳಿದ್ದ. ಉಗುರು ಕಪ್ಪಾಗಿ ಒಳಗೆ ರಕ್ತ ಕಟ್ಟಿದ್ದರೆ ಸೂಜಿ. ತುದಿಯ ಗೆಣ್ಣು ಜೋತುಬಿದ್ದು ತಾನಾಗಿ ಏಳದಿದ್ದರೆ ತಗಡು ಕಟ್ಟಿ ಆರು ವಾರ ನೆಟ್ಟಗೆ ಇಡಬೇಕು, ಅರೆಗಳಿಗೆಯೂ ಬಗ್ಗಿಸಬಾರದು. ಉಗುರಿನ ಬುಡ ಚರ್ಮ ಸೀಳಿಕೊಂಡು ಮೇಲೆ ಬಂದಿದ್ದರೆ ಒಳಗೆ ಎಲುಬು ಹೋಗಿದೆ ಅಂತ ಅರ್ಥ, ಅದಕ್ಕೆ ಈ ಡಬ್ಬಿಯಲ್ಲಿ ಔಷಧವಿಲ್ಲ.

ಉಂಗುರದ ಬೆರಳು ಮೊದಲ ಬಗೆಯದು. ಮಧ್ಯದ ಬೆರಳಿನಲ್ಲಿ ಉಗುರಿನ ಬುಡ ಹೊರಗೆ ನಿಂತಿತ್ತು.

"ಇದು ನನ್ನ ಕೈಲಾಗೋದಲ್ಲ ಮೇಸ್ತ್ರಿ. ಆಸ್ಪತ್ರೆಗೆ ಕಳಿಸಿ."

"ಏನಂದೆ?"

"ಎಲುಬು ಪುಡಿಯಾಗಿದೆ. ಉಗುರೆದ್ದಿದೆ. ತೊಳೆದು ಹೊಲಿಗೆ ಹಾಕಬೇಕು. ಆಸ್ಪತ್ರೆಗೆ ಹೋಗ್ಲಿ."

ಮೇಸ್ತ್ರಿ ಅವಳ ಕಿವಿಯ ಹತ್ತಿರ ಬಗ್ಗಿದ. ಹಲ್ಲುಜ್ಜದ ಬಾಯಿ, ಮೇಲೆ ಸೆಂಟಿನ ವಾಸನೆ. "ಯಾವಾಗಿಂದ ಡಾಕ್ಟರಾದೆ ನೀನು? ಮುಂದಿನ ವಾರ ದೊಡ್ಡ ಗಿರಾಕಿಗಳು ಬರ್ತಾರೆ, ಶೆಡ್ಡು ನೋಡೋಕೆ. ಇನ್ನೂರ ಹತ್ತು ದಿನದಿಂದ ಒಂದೂ ಅಪಘಾತ ಇಲ್ಲ ಅಂತ ಗೇಟಲ್ಲಿ ಬೋರ್ಡು ಹಾಕಿದೀವಿ. ಚುಚ್ಚು, ಕಟ್ಟು, ಕುರ್ಚಿ ಮೇಲೆ ಕೂರಿಸು. ಆಗಲ್ವಾ? ಹಾಗಾದ್ರೆ ಐದನೇ ಪ್ರೆಸ್ಸು ಖಾಲಿ ಇದೆ, ನಾಳೆಯಿಂದ ನೀನೇ ನಿಂತ್ಕೊ."

ಸೂಜಿಯಕ್ಕ ಸ್ಟೌ ಹಚ್ಚಿದಳು.

ಗುಂಡುಸೂಜಿಯನ್ನು ಕೆಂಪಗಾಗುವವರೆಗೆ ಕಾಸಿದಳು. ಅಂಟಿದ ಮಸಿ ಹೋಗಲೆಂದು, ಒಂಬತ್ತು ವರ್ಷದಿಂದ ಮಾಡಿಕೊಂಡು ಬಂದ ಹಾಗೆ, ಏಪ್ರನ್ನಿನ ಅಂಚಿನಲ್ಲಿ ಸರಕ್ಕನೆ ಒಮ್ಮೆ ಒರೆಸಿದಳು. ಉಂಗುರದ ಬೆರಳಿನ ಉಗುರಿನ ನಡುವೆ ಸೂಜಿಯ ಮೊನೆ ಇಟ್ಟಳು. ಒತ್ತಬಾರದು, ಅದರಷ್ಟಕ್ಕೆ ಸುಡಲು ಬಿಡಬೇಕು. ಸುಟ್ಟ ಕೂದಲಿನ ವಾಸನೆ ಎದ್ದಿತು, ಚುಂಯ್ ಎಂದಿತು, ಕಪ್ಪು ರಕ್ತ ಚಿಮ್ಮಿ ಅವಳ ಗಲ್ಲಕ್ಕೆ ತಾಗಿತು. ರೇಡಿಯೋ ಉಸಿರು ಬಿಟ್ಟಳು. ನೋವು ಅರ್ಧಕ್ಕರ್ಧ ಇಳಿಯುವ ಆ ಗಳಿಗೆ ಸೂಜಿಯಕ್ಕನಿಗೆ ಚೆನ್ನಾಗಿ ಗೊತ್ತು. ಎಷ್ಟೋ ಹೆಂಗಸರು ಆ ಗಳಿಗೆಯಲ್ಲಿ ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದರು.

"ಇನ್ನೊಂದು," ಎಂದ ಮೇಸ್ತ್ರಿ.

ಸೂಜಿ ಮತ್ತೆ ಕಾಯಿತು, ಮತ್ತೆ ಏಪ್ರನ್ನಿಗೆ ಒರೆಸಿಕೊಂಡಿತು, ಮಧ್ಯದ ಬೆರಳಿಗೆ ಇಳಿಯಿತು. ಉಗುರು ದಾಟಿದ ಮೇಲೆ ಕೆಳಗೆ ಗಟ್ಟಿಯಾದದ್ದು ಏನಾದರೂ ಸೂಜಿಗೆ ಎದುರಾಗಬೇಕು. ಆಗಲಿಲ್ಲ. ನೆನೆದ ಅಕ್ಕಿಯ ಚೀಲಕ್ಕೆ ಚುಚ್ಚಿದ ಹಾಗೆ ಸೂಜಿ ಸುಮ್ಮನೆ ಒಳಗೆ ಹೋಯಿತು. ಸೂಜಿಯಕ್ಕ ಥಟ್ಟನೆ ಕೈ ಹಿಂದಕ್ಕೆಳೆದಳು. ರೇಡಿಯೋ ಕೂಗಲಿಲ್ಲ, ಅವಳನ್ನೇ ನೋಡಿದಳು. ನೋಡಿದಳು ಅಷ್ಟೆ.

ಎದ್ದ ಉಗುರನ್ನು ಒಳಕ್ಕೆ ಒತ್ತಿ, ತಗಡಿಟ್ಟು, ಬಿಗಿಯಾಗಿ ಕಟ್ಟಿ, ಸೂಜಿಯಕ್ಕ ತನ್ನ ಸ್ಟೂಲಿಗೆ ವಾಪಸಾದಳು.

*

ಕುರ್ಚಿ ಇದ್ದದ್ದು ಮೇಸ್ತ್ರಿಯ ಗಾಜಿನ ಕೋಣೆಯ ಹೊರಗೆ. ಕೆಲಸಕ್ಕೆ ಬಾರದ ಕೈಯವರು ಕೂರುವ ಜಾಗ ಅದು. ಮೂರು ದಿನ ಗೈರುಹಾಜರಾದರೆ ಅಪಘಾತದ ಕಾಗದ ಬರೆದು ಕಾರ್ಖಾನೆ ಇನ್‌ಸ್ಪೆಕ್ಟರಿಗೆ ಕಳಿಸಬೇಕು. ಹಾಜರಿ ಬಿದ್ದರೆ ಅಪಘಾತವೇ ಇಲ್ಲ. ಹಾಗಾಗಿ ಬೆರಳು ಹೋದವಳು ಬೆಳಿಗ್ಗೆ ಬಂದು ಹೆಬ್ಬೆಟ್ಟು ಒತ್ತಿ ಕುರ್ಚಿಯಲ್ಲಿ ಕೂರಬೇಕು, ಸಂಜೆ ಹೆಬ್ಬೆಟ್ಟು ಒತ್ತಿ ಹೋಗಬೇಕು. ನಡುವೆ ಎದ್ದರೆ ಬೈಗುಳ, ನಿದ್ದೆ ತೂಗಿದರೆ ಬೈಗುಳ. ಒಮ್ಮೆ ಒಬ್ಬಳು ಹದಿನೇಳು ದಿನ ಕೂತಿದ್ದಳು.

ಬುಧವಾರ ರೇಡಿಯೋ ಕೂತಳು. ಧಣಿ ಮಧ್ಯಾಹ್ನ ಒಂದು ಸುತ್ತು ಬಂದವನು ಕುರ್ಚಿಯ ಮುಂದೆ ನಿಂತ.

"ಏನಾಯ್ತು ಇದಕ್ಕೆ?"

"ಮನೇಲಿ ಬಾಗಿಲಿಗೆ ಕೈ ಸಿಗಿಸ್ಕೊಂಡಿದೆ ಸಾರ್," ಎಂದ ಮೇಸ್ತ್ರಿ.

"ಮನೇಲಿ ಹುಷಾರಾಗಿರಬೇಕಮ್ಮ," ಎಂದ ಧಣಿ, ಕಾಳಜಿಯಿಂದಲೇ. ಮೇಸ್ತ್ರಿಯ ಕಡೆ ತಿರುಗಿ ದನಿ ತಗ್ಗಿಸದೆ ಹೇಳಿದ: "ಗಿರಾಕಿಗಳು ಬರೋ ದಿನ ಈ ಕುರ್ಚಿ ಗೋಡೌನಿಗೆ ಹಾಕ್ಸು. ಕೂತಿರೋದನ್ನೂ ಸೇರಿಸಿ."

ಗಾಜಿನ ಕೋಣೆಯಲ್ಲಿ ಒಬ್ಬನೋ ಇಬ್ಬರೋ ನಕ್ಕರು.

ಗುರುವಾರ ಅವಳಿಗೆ ಜ್ವರ. ಕುರ್ಚಿಯಲ್ಲೇ ಕೂತು ಹಲ್ಲು ಕಟಕಟ ಕಡಿಯುತ್ತಿದ್ದಳು. ಸೂಜಿಯಕ್ಕ ಎರಡು ಸಲ ಹೋಗಿ ನೋಡಿದಳು. ಎರಡನೇ ಸಲ ರೇಡಿಯೋ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಶುಕ್ರವಾರ ಬೆಳಕು ಹರಿಯುವಾಗ ಕೋಣೆಯಲ್ಲಿ ಒಂದು ವಾಸನೆ. ಇಲಿ ಸತ್ತಿರಬೇಕೆಂದು ಸೂಜಿಯಕ್ಕ ಒಲೆಯ ಹಿಂದೆ, ಪೆಟ್ಟಿಗೆಯ ಹಿಂದೆ ಹುಡುಕಿದಳು. ಆಮೇಲೆ ಅವಳಿಗೆ ಹೊಳೆಯಿತು. ಮಲಗಿದ್ದವಳ ಕೈಯನ್ನು ಒತ್ತಾಯದಿಂದ ಹಿಡಿದು ಕಟ್ಟು ಬಿಚ್ಚಿದಳು. ಪಟ್ಟಿಯ ಕೊನೆಯ ಸುತ್ತು ಮಾಂಸಕ್ಕೆ ಅಂಟಿಕೊಂಡಿತ್ತು. ಮಧ್ಯದ ಬೆರಳು ಬದನೆಕಾಯಿಯ ಹಾಗೆ ಬಾತಿತ್ತು, ತಾನು ಚುಚ್ಚಿದ ತೂತಿನಿಂದಲೇ ಹಳದಿ ಕೀವು ಹನಿಯುತ್ತಿತ್ತು.

"ನೋಡಿದ್ಯಾ ನಿನ್ನ ಕೈಗುಣಾನ?" ಎಂದಳು ರೇಡಿಯೋ. ಮೂರು ದಿನದ ಮೇಲೆ ಆಡಿದ ಮೊದಲ ಮಾತು.

"ಏಳು. ಆಸ್ಪತ್ರೆಗೆ ಹೋಗೋಣ."

"ಈಗ ನೆನಪಾಯ್ತಾ ಆಸ್ಪತ್ರೆ?"

"ಅವತ್ತೇ ಹೇಳಿದ್ನಲ್ಲೇ. ನಿನ್ನೆದುರಿಗೇ ಹೇಳಿದೆ. ಅವನು ಕೇಳಿದ್ನಾ?"

"ಹೇಳ್ದೆ. ಹೇಳ್ಬಿಟ್ಟು ಚುಚ್ದೆ. ಸೂಜಿ ಒಳಗೆ ಹೋಗಿದ್ದು ನಿಂಗೂ ಗೊತ್ತಾಯ್ತು, ನಂಗೂ ಗೊತ್ತಾಯ್ತು. ನಿನ್ನ ಮುಖ ನೋಡ್ದೆ ನಾನು. ಗೊತ್ತಿದ್ದೂ ಬಾಯಿ ಮುಚ್ಕೊಂಡು ಕಟ್ಟು ಕಟ್ಟಿದ್ಯಲ್ಲ, ಕಿಟಕಿ ಪಕ್ಕದ ಸ್ಟೂಲಿಗೋಸ್ಕರ. ಥೂ, ನಿನ್ನ ಜನ್ಮಕ್ಕಿಷ್ಟು."

ಸೂಜಿಯಕ್ಕ ಬಿಚ್ಚಿದ ಪಟ್ಟಿಯನ್ನು ಮುದುಡಿ ಮೂಲೆಗೆ ಎಸೆದಳು. "ಆಮೇಲೆ ಉಗಿ," ಎಂದಳು. "ಈಗ ಏಳು."

ಬಾಗಿಲಿರಬೇಕಾದ ಜಾಗದಲ್ಲಿ ಕಟ್ಟಿದ್ದ ತಾರ್ಪಾಲನ್ನು ಸರಿಸಿ ಇಬ್ಬರೂ ಹೊರಗೆ ಬಂದರು. ಕಾರ್ಖಾನೆಯ ದಾರಿ ಎಡಕ್ಕೆ. ಇವರು ಬಲಕ್ಕೆ ತಿರುಗಿದರು.

*

ದೊಡ್ಡಾಸ್ಪತ್ರೆಯ ಕಿಟಕಿಯಲ್ಲಿ ಚೀಟಿ ಕೊಡುವವನು ತಲೆಯೆತ್ತಲಿಲ್ಲ.

"ಏನು ಕಾಯಿಲೆ?"

"ಬೆರಳು ಸ್ವಾಮಿ. ಬೆರಳ ತುದಿ."

"ಬೆರಳ ತುದಿಗೆ ಬೆಳ್ಳಂಬೆಳಿಗ್ಗೆ ಓಡಿ ಬಂದ್ರಾ? ಅಲ್ಲಿ ತಲೆ ಒಡಕೊಂಡವನೇ ಸಾಲಲ್ಲಿ ನಿಂತಿದಾನೆ." ಅಷ್ಟರಲ್ಲಿ ವಾಸನೆ ಅವನ ಮೂಗಿಗೂ ತಲುಪಿತು. ಮೂಗು ಮುಚ್ಚಿಕೊಂಡು ಚೀಟಿ ಎಸೆದ. "ಹೋಗ್ರಿ, ಹೋಗ್ರಿ, ದೂರ ಹೋಗ್ರಿ."

ಎಕ್ಸ್‌ರೇ ಆಗಿ ಡಾಕ್ಟರ ಎದುರು ಕೂರುವ ಹೊತ್ತಿಗೆ ಬಿಸಿಲೇರಿತ್ತು. ಡಾಕ್ಟರು ನಲವತ್ತರ ಹೆಂಗಸು, ಕಣ್ಣ ಕೆಳಗೆ ಕಪ್ಪು. ಅವರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು.

"ಇಲ್ನೋಡಿ. ಇದು ಉಂಗುರದ ಬೆರಳು. ತುದಿ ಎಲುಬಿನಲ್ಲಿ ಬಿರುಕಿದೆ, ಆದರೆ ಜಾಗ ಬಿಟ್ಟು ಹೋಗಿಲ್ಲ. ಇದಕ್ಕೆ ಉಗುರೇ ಪಟ್ಟಿ ಇದ್ದ ಹಾಗೆ, ಮೇಲಿಂದ ಹಿಡಕೊಂಡಿರುತ್ತೆ. ನಾಲ್ಕು ವಾರ ತಗಡು ಹಾಕಿದ್ರೆ ಕೂಡುತ್ತೆ. ಇದು ಮಧ್ಯದ್ದು. ಸೀಮೆಸುಣ್ಣ ನೆಲಕ್ಕೆ ಬಿದ್ದ ಹಾಗಿದೆ, ನೋಡಿ, ತುದಿನೇ ಇಲ್ಲ, ಚೂರು ಚೂರು. ಉಗುರಿನ ಕೆಳಗಿನ ಮಾಂಸ ಹರಿದಿದೆ. ಅವತ್ತೇ ಬಂದಿದ್ರೆ ತೊಳೆದು, ಆ ಮಾಂಸಕ್ಕೆ ಸಣ್ಣ ಹೊಲಿಗೆ ಹಾಕಿ, ಉಗುರನ್ನೇ ಮೇಲೆ ಮುಚ್ಚಳ ಇಟ್ಟು, ಕೀವಾಗದ ಹಾಗೆ ಇಂಜೆಕ್ಷನ್ ಕೊಡ್ತಿದ್ವಿ. ಸ್ವಲ್ಪ ಗಿಡ್ಡ ಆಗ್ತಿತ್ತು, ಬೆರಳು ಉಳೀತಿತ್ತು." ಫಿಲ್ಮು ಕೆಳಗಿಟ್ಟರು. "ಈಗ ಗೆಣ್ಣಿನ ತನಕ ತೆಗೀಬೇಕು. ಇವತ್ತೇ. ಕಾಯ್ತಾ ಕೂತ್ರೆ ಅಂಗೈಗೆ ಇಳಿಯುತ್ತೆ."

ರೇಡಿಯೋ ತನ್ನ ಬೆರಳನ್ನು ನೋಡಿಕೊಂಡಳು. ಇದು ತನ್ನದಲ್ಲ, ಯಾರೋ ಕೈಗೆ ಕೊಟ್ಟು ಹೋದದ್ದು ಎಂಬಂತೆ.

"ಇದನ್ನ ಚುಚ್ಚಿದ್ದು ಯಾರು?"

"ನಾನು," ಎಂದಳು ಸೂಜಿಯಕ್ಕ.

"ಏನರಲ್ಲಿ?"

"ಕಾಸಿದ ಸೂಜೀಲಿ. ಕೆಂಪಗೆ ಕಾಸಿದ್ದೆ ಡಾಕ್ಟ್ರೇ. ಕಾಸದೆ ಯಾರಿಗೂ ಚುಚ್ಚಿದವಳಲ್ಲ ನಾನು."

"ಕಾಸೋದು ಸರಿ. ಉಗುರಿನ ಕೆಳಗೆ ಬರೀ ರಕ್ತ ಕಟ್ಟಿದ್ರೆ ನಾವೂ ಹೀಗೇ ತೂತು ಮಾಡ್ತೀವಿ." ಡಾಕ್ಟರು ಉಗುರಿನ ತೂತನ್ನು ಬಗ್ಗಿ ನೋಡಿದರು. "ಕಾಸಿದ ಮೇಲೆ ಏನ್ ಮಾಡ್ತೀರಿ? ನೇರ ಚುಚ್ತೀರಾ?"

"ಮಸಿ ಇರುತ್ತಲ್ಲ. ಒರೆಸ್ತೀನಿ."

"ಯಾವುದಕ್ಕೆ?"

ಸೂಜಿಯಕ್ಕ ಉತ್ತರ ಕೊಡಲು ಬಾಯಿ ತೆರೆದಳು. ಆ ಗಳಿಗೆಯಲ್ಲೇ ಅವಳಿಗೆ ತನ್ನ ಏಪ್ರನ್ನು ಕಣ್ಣಿಗೆ ಕಟ್ಟಿತು. ಪ್ರೆಸ್ಸಿನ ಎಣ್ಣೆ, ತಗಡಿನ ಪುಡಿ, ಮೂಗು ಒರೆಸಿದ್ದು, ನೆಲ ಒರೆಸಿದ್ದು. ಒಂಬತ್ತು ವರ್ಷ. ಹಸಿರುಗಟ್ಟಿ ಬಿದ್ದುಹೋದ ಉಗುರುಗಳು ಒಂದೊಂದಾಗಿ ಎದುರಿಗೆ ಬಂದವು. ಏಳನೇ ಪ್ರೆಸ್ಸಿನ ಬಸುರಿಯ ಹೆಬ್ಬೆರಳು. ಮದುವೆಗೆ ಹತ್ತು ದಿನವಿದ್ದ ಹುಡುಗಿಯ ತೋರುಬೆರಳು. ಅವರ ಮೈಗುಣ ಸರಿಯಿಲ್ಲ, ರಕ್ತ ಕೆಟ್ಟಿದೆ ಎಂದು ಅವಳೇ ಎಲ್ಲರಿಗೂ ಹೇಳಿದ್ದಳು.

"ಏಪ್ರನ್ನಿಗೆ," ಎಂದಳು.

ಡಾಕ್ಟರ ಮುಖ ಗಟ್ಟಿಯಾಯಿತು. "ನೀವು ಮಾಡಿದ್ದು ಅಪರಾಧ, ಗೊತ್ತಾ ನಿಮಗೆ? ಡಾಕ್ಟರಲ್ಲದೋರು ಚುಚ್ಚಿ ಅಂಗ ಕೆಡಿಸಿದಾರೆ ಅಂತ ನಾನು ಒಂದು ಸಾಲು ಬರೆದ್ರೆ ಸಾಕು. ಹೊರಗಡೆ ಪೊಲೀಸ್ ಚೌಕಿ ಇದೆ. ಒಳಗೆ ಹಾಕ್ತಾರೆ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮೇಸ್ತ್ರಿ ಒಳಗೆ ಬಂದ. ಕುರ್ಚಿ ಖಾಲಿ ಕಂಡವನು ಬೈಕು ಹತ್ತಿ ಬಂದಿದ್ದ. ಕೈಯಲ್ಲಿ ಹೆಲ್ಮೆಟ್ಟು, ಮುಖದಲ್ಲಿ ನಗು, ಶೆಡ್ಡಿನಲ್ಲಿ ಯಾರೂ ಕೇಳದ ಮೆತ್ತನೆ ದನಿ.

"ನಮಸ್ಕಾರ ಮೇಡಂ. ನಮ್ಮ ಹೆಂಗಸರೇ ಇವರು. ಪಾಪ, ಮನೇಲಿ ಬಾಗಿಲಿಗೆ ಕೈ ಸಿಕ್ಕಿ ಹೀಗಾಯ್ತು. ಖರ್ಚು ಗಿರ್ಚು ಎಲ್ಲ ನಮ್ಮ ಧಣಿಗಳು ನೋಡ್ಕೋತಾರೆ."

ಡಾಕ್ಟರು ಪೆನ್ನು ತೆಗೆದರು. "ಹೇಗಾಯ್ತು ಅಂತ ಬರೀಬೇಕು. ಬಾಗಿಲಾ? ಈ ತಿಂಗಳು ಇದು ಆರನೇ ಬಾಗಿಲು. ಎಲ್ಲ ನಿಮ್ಮ ಆ ಕಾರ್ಖಾನೆಗಳ ಕಡೆಯೋರದ್ದೇ. ಏನ್ರೀ, ನಿಮ್ಮೂರಲ್ಲಿ ಬಾಗಿಲುಗಳು ಕಚ್ಚುತ್ತವಾ?"

"ಬಡವರ ಮನೆ ಬಾಗಿಲು ಮೇಡಂ, ಗಾಳಿಗೆ ಬಡ್ಕೊಳ್ತವೆ."

"ನಮ್ಮನೆಗೆ ಬಾಗಿಲೇ ಇಲ್ಲ," ಎಂದಳು ಸೂಜಿಯಕ್ಕ. "ತಾರ್ಪಾಲು ಇದೆ. ತಾರ್ಪಾಲು ಬಡಿದು ಎಲುಬು ಮುರಿಯಲ್ಲ ಡಾಕ್ಟ್ರೇ. ಇದು ಪ್ರೆಸ್ಸಿಂದ ಆಗಿದ್ದು."

ಮೇಸ್ತ್ರಿ ನಗುತ್ತಲೇ ಇದ್ದ. "ಇವಳಿಗೂ ಇವಳ ಓರಗಿತ್ತಿಗೂ ಆಗಲ್ಲ ಮೇಡಂ. ಮನೆ ಜಗಳ. ಅವಳನ್ನೇ ಕೇಳಿ."

"ಗಾಯ ಯಾರದ್ದೋ ಅವರ ಮಾತೇ ನಾನು ಬರೆಯೋದು," ಎಂದು ಡಾಕ್ಟರು ರೇಡಿಯೋ ಕಡೆ ತಿರುಗಿದರು. "ಹೇಳಿಯಮ್ಮ. ಬಾಗಿಲಾ, ಮಷೀನಾ?"

ಮೇಸ್ತ್ರಿ ಅವಳ ಹಿಂದೆ ನಿಂತ. ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಗ್ಗಿ, ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ: "ಹೇಳವ್ವ. ಕೆಲಸ ಎಲ್ಲೂ ಹೋಗಲ್ಲ ನಿಂದು. ಗುಣ ಆಗೋವರೆಗೆ ಕೂತೇ ಹಾಜರಿ. ಬಲಗೈ ಗಟ್ಟಿ ಇದೆಯಲ್ಲ, ಅಷ್ಟು ಸಾಕು. ಇಲ್ಲ ಅಂದ್ರೆ ಇಬ್ರಿಗೂ ಗೇಟು. ಮುರುಕು ಕೈ ಇಟ್ಕೊಂಡು ಎಲ್ಲಿಗೆ ಹೋಗ್ತೀಯ, ಯೋಚನೆ ಮಾಡು."

ರೇಡಿಯೋ ಸೂಜಿಯಕ್ಕನನ್ನು ನೋಡಿದಳು. ಪ್ರೆಸ್ಸಿನ ಬುಡದಲ್ಲಿ ಅವತ್ತು ನೋಡಿದ ಅದೇ ನೋಟ.

"ಬಾಗಿಲೇ," ಎಂದಳು.

"ಇವರು ಬಾಗಿಲಿಲ್ಲ ಅಂತಾರಲ್ಲ?"

"ಪಕ್ಕದ ಮನೇದು."

ಡಾಕ್ಟರು ಫಿಲ್ಮನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬರೆದರು. ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮುತ್ತಿದ್ದರು, ಮಗುವೊಂದು ರಚ್ಚೆ ಹಿಡಿದಿತ್ತು. ಮೇಸ್ತ್ರಿ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಡಾಕ್ಟ್ರೇ," ಎಂದಳು ಸೂಜಿಯಕ್ಕ. "ಆಗಲೇ ಅಂದ್ರಲ್ಲ, ನನ್ನ ಮೇಲೆ ಒಂದು ಸಾಲು ಬರೀತೀನಿ ಅಂತ. ಬರೀರಿ."

"ಏನು?"

"ಅವಳ ಬಾಗಿಲು ಅವಳದ್ದು. ಸೂಜಿ ನಂದು. ಚುಚ್ಚಿ ಕೆಡಿಸಿದವಳು ನಾನೇ ಅಂತ ಒಪ್ಕೊಂಡಿದೀನಿ, ನಿಮ್ಮೆದುರಿಗೇ. ಗಾಯ ಆದೋರ ಮಾತು ಬರೆದ್ರಲ್ಲ, ಗಾಯ ಮಾಡಿದೋಳ ಮಾತೂ ಬರೀರಿ. ಚೌಕಿಗೆ ಕಳಿಸಿ."

ಡಾಕ್ಟರು ಅವಳನ್ನು ದಿಟ್ಟಿಸಿದರು. ಮೊದಲು ಮುಖ, ಆಮೇಲೆ ಮೇಜಿನಂಚು ಹಿಡಿದಿದ್ದ ಎಡಗೈ, ತುದಿಯಿಲ್ಲದ ಎರಡು ಬೆರಳು, ಬಾಗಿದ ಉಗುರು. ಹೊಸ ಚೀಟಿಯೊಂದನ್ನು ಹರಿದುಕೊಂಡು ಬರೆಯತೊಡಗಿದರು.

ಮೇಸ್ತ್ರಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಏಯ್, ಹುಚ್ಚೀ," ಎಂದ. ಮೆತ್ತನೆ ದನಿ ಹೋಗಿತ್ತು. "ಜೈಲಿಗೆ ಹೋಗ್ತೀಯ ನೀನು."

"ಹೂಂ ಕಣಯ್ಯ. ಅಲ್ಲಿ ಕೇಳ್ತಾರಲ್ಲ, ಎಲ್ಲಿ ಚುಚ್ಚಿದೆ, ಯಾವಾಗ ಚುಚ್ಚಿದೆ, ಯಾರು ಚುಚ್ಚು ಅಂದ್ರು ಅಂತ. ಹೇಳ್ಬೇಕಲ್ವಾ ನಾನು?"

*

ಚೌಕಿ ಎಂದರೆ ವರಾಂಡದ ಕೊನೆಯಲ್ಲಿ ಒಂದು ಮೇಜು, ಒಂದು ಬೆಂಚು, ಒಬ್ಬ ಪೇದೆ. ಅವನು ಚೀಟಿಯನ್ನು ಎರಡು ಸಲ ಓದಿದ.

"ಯಾರ ಮೇಲೆ ದೂರು?"

"ನನ್ನ ಮೇಲೆ."

"ದೂರು ಕೊಡೋರು?"

"ನಾನೇ."

ಪೇದೆ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ಗಂಡನ ಮೇಲೆ ಬರ್ತಾರೆ, ಅತ್ತೆ ಮೇಲೆ ಬರ್ತಾರೆ. ನೀನು ಹೊಸ ರಕಮು ಕಣಮ್ಮ. ತಲೆ ನೆಟ್ಟಗಿದೆಯಾ?"

"ನೆಟ್ಟಗಿಲ್ಲ ಸಾರ್," ಎಂದ ಹಿಂದೆಯೇ ಓಡಿ ಬಂದ ಮೇಸ್ತ್ರಿ. "ಇವಳಿಗೆ ಸ್ವಲ್ಪ ಹಾಗೆ. ಚೀಟಿ ಇತ್ಲಾಗೆ ಕೊಡಿ. ಧಣಿಗಳಿಗೆ ಫೋನ್ ಮಾಡ್ತೀನಿ, ನಿಮ್ಮ ಸಾಹೇಬ್ರ ಹತ್ರ ಅವರೇ ಮಾತಾಡ್ತಾರೆ."

ಪೇದೆಯ ಮುಖದಿಂದ ನಗು ಇಳಿಯಿತು. "ಡಾಕ್ಟರ ಸಹಿ ಇದೆ ಕಣ್ರೀ ಇದರಲ್ಲಿ. ನಂಬರು ಬಿದ್ದಿದೆ. ನಾನು ಇದನ್ನ ನಿಮ್ಮ ಕೈಗೆ ಕೊಟ್ಟು ಮನೆಗೆ ಹೋಗ್ಲಾ?" ಪುಸ್ತಕ ತೆರೆದ. "ಹೇಳಮ್ಮ. ಜಾಗ?"

ಸೂಜಿಯಕ್ಕ ಕಾರ್ಖಾನೆಯ ವಿಳಾಸ ಹೇಳಿದಳು. ಮಂಗಳವಾರ ಎಂದಳು. ಮೂರನೇ ಪ್ರೆಸ್ಸಿನ ಬುಡದಲ್ಲಿ ಎಂದಳು. ಚುಚ್ಚು ಎಂದವನು ಇಲ್ಲೇ ಹೆಲ್ಮೆಟ್ಟು ಹಿಡಿದು ನಿಂತಿದ್ದಾನೆ ಎಂದ ಕೂಡಲೇ ಮೇಸ್ತ್ರಿ ಅವಳ ರಟ್ಟೆಗೆ ಕೈ ಹಾಕಿ ಎಳೆದ. "ಬೋಳಿಮಗಳೇ, ಅನ್ನ ತಿಂದ ಮನೆಗೆ—" ಪೇದೆ ಲಾಠಿಯಿಂದ ಮೇಜಿಗೆ ಒಂದು ಬಡಿದ. ಮೇಸ್ತ್ರಿ ಕೈ ಬಿಟ್ಟ.

ಅಷ್ಟರಲ್ಲಿ ಒಳಗಿನಿಂದ ರೇಡಿಯೋ ಬಂದಳು. ಕೈಗೆ ಸೂಜಿಮದ್ದು ಕೊಟ್ಟು, ತೊಳೆದು, ಬಿಳಿ ಬಟ್ಟೆ ಸುತ್ತಿದ್ದರು. ಕರೆಯುವವರೆಗೆ ಹೊರಗೆ ಕೂರು ಎಂದಿದ್ದರು. ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ, ಮುಖ ಗೋಡೆಗೆ ತಿರುಗಿಸಿ ಕೂತಳು.

"ಮೊದಲು ಗಾಯ ಹೇಗಾಯ್ತು?" ಎಂದು ಪೇದೆ ಕೇಳಿದ. "ಇದರಲ್ಲಿ ಬಾಗಿಲು ಅಂತಿದೆ. ನೀನು ಪ್ರೆಸ್ಸು ಅಂತೀಯ."

"ಪ್ರೆಸ್ಸೇ. ಇವಳು ಮಾತಿನ ಮಲ್ಲಿ. ಏನೋ ಹೇಳ್ತಾ ಇದ್ದಿರಬೇಕು, ಗಮನ ಆ ಕಡೆ ಹೋಗಿದೆ, ಕೈ ತಪ್ಪಿದೆ."

"ಕೈ ತಪ್ಪಿದೆ," ಎಂದು ಪೇದೆ ಬಾಯಲ್ಲಿ ಹೇಳಿಕೊಳ್ಳುತ್ತ ಬರೆದ.

"ಸುಳ್ಳು."

ಬೆಂಚಿನ ತುದಿಯಿಂದ ಬಂದ ಮಾತು. ಮೇಸ್ತ್ರಿಯ ಮುಖಕ್ಕೆ ಜೀವ ಬಂತು. "ಕೇಳಿ ಸಾರ್, ಗಾಯ ಆದವಳೇ ಹೇಳ್ತಿದಾಳೆ, ಇವಳು ಹೇಳೋದೆಲ್ಲ ಸುಳ್ಳು ಅಂತ."

"ಸುಳ್ಳು," ಎಂದು ರೇಡಿಯೋ ಗೋಡೆಯಿಂದ ತಿರುಗಿದಳು. ಜ್ವರದಲ್ಲಿ ಕಣ್ಣು ಕೆಂಪಾಗಿತ್ತು. "ಕೈ ತಪ್ಪಿಲ್ಲ. ನಾಲ್ಕು ವರ್ಷದಲ್ಲಿ ಒಂದು ತಟ್ಟೆ ಸೊಟ್ಟ ಒತ್ತಿಲ್ಲ ನಾನು. ಇವಳು ನೋಡಿದ್ಲಾ? ಇವಳಿಗೇನು ಗೊತ್ತು, ಕಿಟಕಿ ಪಕ್ಕ ಕೂತಿದ್ಲು ಮಹಾರಾಣಿ. ಅಳಿಸು ಅದನ್ನ."

"ನಿಧಾನಮ್ಮ," ಎಂದ ಪೇದೆ.

"ಅಳಿಸು ಅಂದೆ. ಪಟ್ಟಿ ತಗೊಳ್ಳೋಕೆ ಬಲಗೈ ಹಿಂದೆ ಹೋಗಿತ್ತು. ಗುಂಡಿ ಹತ್ರ ನನ್ನ ಕೈಯೇ ಇರಲಿಲ್ಲ. ಎಡಗೈ ಅಚ್ಚಿನ ಮೇಲಿದ್ದಾಗ ಪ್ರೆಸ್ಸು ತಾನಾಗಿ ಬಿತ್ತು. ಶನಿವಾರಾನೂ ಒಂದ್ಸಲ ಹಾಗೇ ಬಿದ್ದಿತ್ತು. ಈ ಹಲ್ಕಾನ ಹತ್ರ ಹೋಗಿ ಹೇಳಿದೆ, ಪ್ರೆಸ್ಸು ಸರಿಯಿಲ್ಲ, ನಿಲ್ಲಿಸಿ ನೋಡಿ ಅಂತ. ಏನಂದ ಕೇಳು. ನಿನ್ನ ಬಾಯಿ ಮೊದಲು ನಿಲ್ಸು ಅಂದ."

"ಆಗ ಬಾಗಿಲು ಅಂದ್ಯಲ್ಲೇ," ಎಂದ ಮೇಸ್ತ್ರಿ. ದನಿ ಒಡೆದಿತ್ತು.

"ಅಂದೆ. ಈಗ ಇದು ಅಂತೀನಿ. ಬರ್ಕೊಳ್ಳಯ್ಯ ನೀನು, ಅವನ ಮುಖ ಏನು ನೋಡ್ತೀಯ."

ಪೇದೆ ಬರೆದದ್ದರ ಮೇಲೆ ಒಂದು ಗೀಟು ಎಳೆದು ಹೊಸ ಸಾಲು ಶುರುಮಾಡಿದ. ಮೇಸ್ತ್ರಿ ಫೋನನ್ನು ಕಿವಿಗಿಟ್ಟುಕೊಂಡು ಅಂಗಳಕ್ಕಿಳಿದ. ಸೂಜಿಯಕ್ಕ ಏನೋ ಹೇಳಲು ಬಾಯಿ ತೆರೆದಳು.

"ನೀನು ಸುಮ್ನಿರು," ಎಂದಳು ರೇಡಿಯೋ. "ನಿಂದು ಆಮೇಲೆ. ಏಪ್ರನ್ನಿಂದು ನೀನೇ ಹೇಳ್ಬೇಕು, ಒಂದೂ ಬಿಡದ ಹಾಗೆ, ಎಲ್ಲರ ಬೆರಳಿಂದೂ. ನಾನು ಇಲ್ಲೇ ಕೂತು ಕೇಳ್ತೀನಿ."

ವರಾಂಡದ ಆ ತುದಿಯ ಬಾಗಿಲು ತೆರೆದು ನರ್ಸೊಬ್ಬಳು ತಲೆ ಹೊರಗೆ ಹಾಕಿದಳು.

"ಮಧ್ಯದ ಬೆರಳು ಯಾರದ್ದು? ಬನ್ನಿ ಬೇಗ, ಟೇಬಲ್ ಖಾಲಿಯಾಗಿದೆ, ಕೊಯ್ಯಬೇಕು."

"ನಂದು," ಎಂದಳು ರೇಡಿಯೋ, ಆ ಕಡೆ ತಿರುಗದೆ. ಬಿಳಿ ಬಟ್ಟೆಯ ಮೇಲೆ ಹಳದಿ ಕಲೆಯೊಂದು ನಿಧಾನವಾಗಿ ದೊಡ್ಡದಾಗುತ್ತಿತ್ತು. "ತಾಳಿ ಸ್ವಲ್ಪ. ಬರೀತಿದಾರೆ."